ಓಡಿಹೋಗುವ ದೋಷ

ನಾನು ಏನು ಕೆಲಸ ಮಾಡ್ತೀನಿ ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ವಿವರಿಸೋಕೆ ಇವತ್ತಿನವರೆಗೂ ಆಗಿಲ್ಲ. ಎಲ್ಲೆಲ್ಲೋ ಇರೋ ಕಂಪನಿಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳನ್ನು ಬೆಂಗಳೂರಲ್ಲಿ ಕೂತು ಓದೋದು, ತಕರಾರಿಗೆ ದಾರಿ ಮಾಡೋ ಸಾಲುಗಳಿಗೆ ಗುರುತು ಹಾಕೋದು, ಅಷ್ಟೇ. "ನೀನು ಲಾಯರ್ರೋ ಗುಮಾಸ್ತನೋ?" ಅಂತ ಅಮ್ಮ ಕೇಳ್ತಾರೆ. ಎರಡೂ ಹೌದು ಅಂತೀನಿ. ಈ ಒಪ್ಪಂದಗಳಲ್ಲಿ ವಾರಂಟಿಯ ಭಾಗ ಬಂದಾಗ ಓದೋ ವೇಗ ತಾನಾಗೇ ಇಳಿಯುತ್ತೆ. ಮಾರಿದವನು ಏನೇನು ಖಾತರಿ ಕೊಟ್ಟಿದ್ದಾನೆ, ಯಾವ ದೋಷಕ್ಕೆ ಹೊಣೆ, ಯಾವುದಕ್ಕೆ ಅಲ್ಲ, ಎಷ್ಟು ದಿನದೊಳಗೆ ದೂರು ಕೊಡಬೇಕು, ಮಾಲು ವಾಪಸ್ ತಗೋತಾನಾ ಇಲ್ಲಾ ಬೆಲೆ ಇಳಿಸ್ತಾನಾ, ಇದೆಲ್ಲ ಇರೋದು ಅಲ್ಲೇ.

ಹೀಗೆ ಓದಿ ಓದಿ ಪಳಗಿದ ಕಣ್ಣಲ್ಲೇ ಹೋದ ತಿಂಗಳು ವಾಲ್ಟರ್ ಜಾನ್ಸನ್ ಬರೆದ 'ಸೋಲ್ ಬೈ ಸೋಲ್' ಹಿಡಿದು ಕೂತೆ. 1999ರ ಪುಸ್ತಕ. ಅಮೆರಿಕದ ಅಂತರ್ಯುದ್ಧಕ್ಕೆ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿ ನಡೀತಿದ್ದ ಗುಲಾಮರ ಮಾರುಕಟ್ಟೆಯ ಚರಿತ್ರೆ. ಅಲ್ಲಿನ ಕ್ರಯಪತ್ರಗಳಲ್ಲಿ ಮತ್ತೆ ಮತ್ತೆ ಬರೋ ಒಂದು ಮಾತಿದೆ: ಕಾನೂನು ಹೆಸರಿಸಿದ ದೋಷಗಳು, ರೋಗಗಳು ಯಾವುವೂ ಈ ವ್ಯಕ್ತಿಗೆ ಇಲ್ಲ ಅಂತ ಮಾರುವವನು ಪೂರ್ತಿ ಖಾತರಿ ಕೊಡ್ತಾನೆ. ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದೇನು ಅಂತ ಪ್ರಾಮಾಣಿಕವಾಗಿ ಹೇಳ್ತೀನಿ. "ಪರವಾಗಿಲ್ಲ, ಕರಡು ಚೆನ್ನಾಗಿದೆ" ಅನ್ನಿಸಿತು. ಅಸಹ್ಯ ಆಗಿದ್ದು ಅದಾದ ಮೇಲೆ, ಅದೂ ನನ್ನ ಮೇಲೇ. ಈ ಬರಹ ಆ ಪುಸ್ತಕದ ಬಗ್ಗೆ, ಅದರ ಜೊತೆಗಿಟ್ಟು ಓದಬೇಕಾದ ಇನ್ನೊಂದು ಪುಸ್ತಕದ ಬಗ್ಗೆ, ಮತ್ತೆ ಎರಡನ್ನೂ ಓದಿದ ಮೇಲೂ ನನ್ನಲ್ಲಿ ಉಳಿದ ಒಂದು ತಕರಾರಿನ ಬಗ್ಗೆ.

ಮೊದಲು ಕಾನೂನು ನೋಡೋಣ. ಅಮೆರಿಕದ ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಇದ್ದದ್ದು ಇಂಗ್ಲಿಷರಿಂದ ಬಂದ ಕಾಮನ್ ಲಾ. ಕೊಳ್ಳುವವನೇ ಕಣ್ಣುಬಿಟ್ಟು ನೋಡಿಕೊಳ್ಳಬೇಕು, ಲಿಖಿತ ಖಾತರಿ ಇಲ್ಲದಿದ್ದರೆ ಆಮೇಲೆ ಅತ್ತು ಪ್ರಯೋಜನವಿಲ್ಲ ಅನ್ನೋದು ಅದರ ಸಾಮಾನ್ಯ ಧಾಟಿ. ಆದ್ದರಿಂದ ಅಲ್ಲಿನ ಖರೀದಿದಾರರು "ಮೈಮನಸ್ಸು ಸರಿಯಿದೆ, ಜೀವನಪರ್ಯಂತ ಗುಲಾಮ" ಅಂತ ಬರೆಸಿಕೊಳ್ತಿದ್ದರು. ಸೌತ್ ಕರೊಲಿನ ಒಂದು ಹೆಜ್ಜೆ ಮುಂದೆ ಹೋಗಿ, ಪೂರ್ತಿ ಬೆಲೆ ಕೊಟ್ಟವನಿಗೆ ಸರಿಯಾದ ಮಾಲು ಸಿಗಬೇಕು, ಪತ್ರದಲ್ಲಿ ಬರೆಯದಿದ್ದರೂ ಆ ಖಾತರಿ ಇದ್ದೇ ಇರುತ್ತೆ ಅಂತ ಒಪ್ಪಿಕೊಂಡಿತ್ತು.

ಲೂಯಿಸಿಯಾನದ ದಾರಿ ಬೇರೆ. 1803ರಲ್ಲಿ ಅಮೆರಿಕ ಅದನ್ನು ಫ್ರಾನ್ಸಿನಿಂದ ಕೊಳ್ಳೋ ಮುಂಚೆ ಫ್ರೆಂಚರೂ ಸ್ಪೇನಿನವರೂ ಅಲ್ಲಿ ಆಳಿದ್ದರು. ಅವರ ಜೊತೆ ಬಂದ ರೋಮನ್ ಕಾನೂನಿನ ಪರಂಪರೆ ಅಲ್ಲೇ ಉಳಿಯಿತು. ಪ್ರಾಚೀನ ರೋಮ್‌ನಲ್ಲಿ ಸಂತೆಗಳ ಉಸ್ತುವಾರಿ ನೋಡುತ್ತಿದ್ದ ಅಧಿಕಾರಿಗಳು ಒಂದು ಆಜ್ಞೆ ಹೊರಡಿಸಿದ್ದರು. ಗುಲಾಮನಿಗೆ ಏನು ಕಾಯಿಲೆ ಇದೆ, ಅವನು ಓಡಿಹೋಗುವವನಾ, ಅಲೆಯುವವನಾ ಅಂತ ಮಾರುವವನು ಮೊದಲೇ ಹೇಳಬೇಕು. ಹೇಳದೆ ಮಾರಿದರೆ ವಾಪಸ್ ತಗೋಬೇಕು. ಸುಮಾರು 2000 ವರ್ಷಗಳ ಹಿಂದಿನ ಈ ನಿಯಮ ಮಿಸಿಸಿಪಿ ನದಿಯ ದಂಡೆಯಲ್ಲಿ 1825ರ ಸಿವಿಲ್ ಕೋಡ್ ಒಳಗೆ ಬಂದು ಕೂತಿತು. ಅದರ ಹೆಸರು ರೆಡ್‌ಹಿಬಿಷನ್, ಅಂದ್ರೆ ಮುಚ್ಚಿಟ್ಟ ದೋಷ ಹೊರಬಿದ್ದಾಗ ಮಾರಾಟವನ್ನೇ ರದ್ದು ಮಾಡಿಸಿಕೊಳ್ಳುವ ಹಕ್ಕು.

ಆ ಕೋಡ್ ಗುಲಾಮರ ಮತ್ತು ಪ್ರಾಣಿಗಳ ಗುಪ್ತ ದೋಷಗಳನ್ನು ಒಂದೇ ಉಸಿರಿನಲ್ಲಿ ಎರಡು ಬಗೆ ಮಾಡುತ್ತೆ: ದೇಹದ ದೋಷ, ಸ್ವಭಾವದ ದೋಷ. ದೇಹದ ವಿಷಯಕ್ಕೆ ಬಂದರೆ ಗುಲಾಮರಲ್ಲಿ ಕುಷ್ಠ, ಹುಚ್ಚು, ಮೂರ್ಛೆರೋಗ ಇದ್ದರೆ ಬೇರೆ ಮಾತಿಲ್ಲ, ಮಾರಾಟ ರದ್ದು. ಅದರ ಪಕ್ಕದಲ್ಲೇ ಕುದುರೆ ಮತ್ತು ಹೇಸರಗತ್ತೆಗಳ ಪಟ್ಟಿ ಇದೆ: ಉಸಿರಿನ ತೊಂದರೆ, ಮೂಗಿನ ರೋಗ, ಗೊರಸಿನ ರೋಗ. ಸ್ವಭಾವದ ದೋಷಗಳೂ ಮೂರು. ಮರಣದಂಡನೆಗೆ ಗುರಿಯಾಗುವಂಥ ಅಪರಾಧ ಮಾಡಿರೋದು, ಕಳ್ಳತನದ ಚಟ, ಓಡಿಹೋಗೋ ಚಟ.

ಓಡಿಹೋಗೋ ಚಟ ಅಂದ್ರೆ ಎಷ್ಟು ಸಲ ಓಡಿದರೆ ಚಟ? ಕರಡು ಬರೆದವರು ಈ ಪ್ರಶ್ನೆ ಬಿಟ್ಟಿಲ್ಲ. ಎರಡು ಸಲ, ಒಂದೊಂದು ಸಲವೂ ಹಲವು ದಿನ ಮನೆಬಿಟ್ಟು ಹೋಗಿರಬೇಕು. ಇಲ್ಲವೇ ಒಂದೇ ಸಲ, ಒಂದು ತಿಂಗಳಿಗಿಂತ ಹೆಚ್ಚು. ಇಷ್ಟು ಸಾಬೀತಾದರೆ ಚಟ. ದಾವೆ ಹೂಡೋಕೆ ಒಂದು ವರ್ಷದ ಗಡುವು. ಕಣ್ಣಿಗೆ ಕಾಣೋ ದೋಷಕ್ಕೆ ಪರಿಹಾರ ಇಲ್ಲ, ನೋಡಿಯೇ ಕೊಂಡಿದ್ದೀರಲ್ಲ! ಮಾರುವವನು ಮೊದಲೇ ಹೇಳಿದ್ದರೂ ಇಲ್ಲ. 1834ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಹೊರ ರಾಜ್ಯದಿಂದ ತಂದು ಎಂಟು ತಿಂಗಳು ಕಳೆಯದ ಗುಲಾಮರಲ್ಲಿ, ಕೊಂಡ 15 ದಿನದೊಳಗೆ ದೇಹದ ದೋಷ ಅಥವಾ 60 ದಿನದೊಳಗೆ ಸ್ವಭಾವದ ದೋಷ ಕಾಣಿಸಿಕೊಂಡರೆ, ಅದು ಮಾರುವಾಗಲೇ ಇತ್ತು ಅಂತ ಕೋರ್ಟು ಎಣಿಸುತ್ತಿತ್ತು. ಸಾಬೀತು ಮಾಡೋ ತಾಪತ್ರಯ ಖರೀದಿದಾರನಿಗಿಲ್ಲ.

ಇದನ್ನು ಇವತ್ತಿನ ಭಾಷೆಯಲ್ಲಿ ಏನಂತ ಕರೀತೀವಿ? ಗ್ರಾಹಕ ರಕ್ಷಣೆ. ನಾವು ಆನ್‌ಲೈನಲ್ಲಿ ತರಿಸಿದ ಫೋನಿನ ಪರದೆ ಸರಿಯಿಲ್ಲ ಅಂತ ಜಗಳ ಆಡ್ತೀವಲ್ಲ, ಆಗ ನಮಗೆ ಬೇಕಾಗಿರೋದೆಲ್ಲ ಇದರಲ್ಲಿದೆ: ಸ್ಪಷ್ಟ ವ್ಯಾಖ್ಯೆ, ದಿನಗಳ ಲೆಕ್ಕ, ಖರೀದಿದಾರನ ಪರವಾದ ಊಹೆ, ದುಡ್ಡು ವಾಪಸ್. ಕೊಳ್ಳುವವನ ಹಿತ ಕಾಯುವುದರಲ್ಲಿ ಆ ಕಾಲದ ಅಮೆರಿಕದಲ್ಲೇ ಮುಂದಿದ್ದ ಕಾನೂನುಗಳಲ್ಲೊಂದು ಇದು. ಮಾಲು ಮಾತ್ರ ಮನುಷ್ಯರು.

ಇಷ್ಟೊಂದು ಕಾನೂನು ಬೇಕಾಗಿದ್ದಾದರೂ ಯಾಕೆ? ಅಮೆರಿಕ 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರೋದನ್ನು ನಿಷೇಧಿಸಿತು. ಹತ್ತಿ ಮತ್ತು ಕಬ್ಬಿನ ತೋಟಗಳು ದಕ್ಷಿಣಕ್ಕೂ ಪಶ್ಚಿಮಕ್ಕೂ ಹಬ್ಬುತ್ತಲೇ ಹೋದವು. ವರ್ಜೀನಿಯ, ಮೇರಿಲ್ಯಾಂಡ್ ಕಡೆಯ ಹಳೇ ತಂಬಾಕು ಸೀಮೆಗಳಿಂದ ಜನರನ್ನು ಕೊಂಡು, ಸರಪಳಿ ಹಾಕಿ ನಡೆಸಿಕೊಂಡೋ ಹಡಗಿನಲ್ಲೋ ತಂದು ಕೆಳಗಿನ ರಾಜ್ಯಗಳಲ್ಲಿ ಮಾರೋದು ಒಂದು ದೊಡ್ಡ ಉದ್ಯಮವಾಯಿತು. ಅಂತರ್ಯುದ್ಧದ ಹೊತ್ತಿಗೆ ಹೀಗೆ ಸ್ಥಳಾಂತರವಾದವರು ಸುಮಾರು 10 ಲಕ್ಷ. ಅವರಲ್ಲಿ ಹೆಚ್ಚಿನವರು ವ್ಯಾಪಾರಿಗಳ ಕೈಯಿಂದ ಮಾರಾಟವಾದವರೇ. ಈ ದಾರಿಗಳ ಕೊನೆಗಿದ್ದ ಅತಿ ದೊಡ್ಡ ಮಾರುಕಟ್ಟೆ ನ್ಯೂ ಆರ್ಲಿಯನ್ಸ್.

ಅಪರಿಚಿತ ವ್ಯಾಪಾರಿ, ಸಾವಿರ ಮೈಲಿ ದೂರದಿಂದ ಬಂದ ಅಪರಿಚಿತ ಮನುಷ್ಯ, ಜೇಬಲ್ಲಿ ಸಾಲದ ದುಡ್ಡು. ಕೊಳ್ಳುವವನಿಗೆ ಅನುಮಾನ ಬರದೆ ಇರುತ್ತಾ? ವ್ಯಾಪಾರಿಗಳು ಮಾಡ್ತಿದ್ದದ್ದೂ ಅನುಮಾನ ಪಡೋ ಹಾಗೇ ಇತ್ತು. ಸಂತೆಗೆ ನಿಲ್ಲಿಸೋ ಮುಂಚೆ ಕೆಲವು ದಿನ ಹೊಟ್ಟೆತುಂಬ ಊಟ, ಮೈಗೆ ಎಣ್ಣೆ ಜಿಡ್ಡು, ನರೆತ ಕೂದಲಿಗೆ ಬಣ್ಣ, ಎಲ್ಲರಿಗೂ ಒಂದೇ ಥರದ ಹೊಸ ಬಟ್ಟೆ. ವಯಸ್ಸು ಕೇಳಿದರೆ ಇಷ್ಟು ಹೇಳು, ಯಾಕೆ ಮಾರಿದರು ಅಂದರೆ ಹೀಗೆ ಹೇಳು ಅಂತ ಪಾಠ. ತಪ್ಪಿದರೆ ಏಟು. ಓಡೋಮೀಟರ್ ತಿರುಗಿಸಿ ಪಾಲಿಶ್ ಹಾಕಿದ ಸೆಕೆಂಡ್ ಹ್ಯಾಂಡ್ ಕಾರಿನ ನೆನಪು ಬಂದರೆ ಅದು ನಿಮ್ಮ ತಪ್ಪಲ್ಲ. ಜಾನ್ಸನ್ 'ಮನುಷ್ಯರನ್ನು ಸರಕಾಗಿಸೋದು' ಅನ್ನೋ ಅರ್ಥದ ಶೀರ್ಷಿಕೆ ಕೊಟ್ಟು ಇದಕ್ಕೇ ಒಂದು ಇಡೀ ಅಧ್ಯಾಯ ಬರೆದಿದ್ದಾರೆ.

ಹೀಗೆ ಕೊಂಡವರು ಮೋಸ ಹೋದೆವು ಅಂತ ಕೋರ್ಟಿಗೆ ಹೋದಾಗ ಹುಟ್ಟಿದ ಕಾಗದಗಳೇ ಜಾನ್ಸನ್‌ರ ಮುಖ್ಯ ಆಕರಗಳಲ್ಲೊಂದು. ಲೂಯಿಸಿಯಾನದ ಸುಪ್ರೀಂ ಕೋರ್ಟಿನವರೆಗೆ ಹೋದ ಸುಮಾರು 200 ಪ್ರಕರಣಗಳ ಕಡತಗಳನ್ನು ಅವರು ನೋಡಿದ್ದಾರೆ. ಅವುಗಳಲ್ಲಿ ತೀರ್ಪು ಮಾತ್ರ ಇಲ್ಲ. ಕೆಳಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದೆಲ್ಲ ಇದೆ. ನೆರೆಯವನು, ಮೇಸ್ತ್ರಿ, ಡಾಕ್ಟರು, ಸಂತೆಯಲ್ಲಿ ಸುಮ್ಮನೆ ನಿಂತಿದ್ದವನು, ಎಲ್ಲರೂ ಬಂದು ಒಬ್ಬ ಹೆಂಗಸಿನ ಕೆಮ್ಮಿನ ಬಗ್ಗೆ, ಒಬ್ಬ ಗಂಡಸಿನ ನಡಿಗೆಯ ಬಗ್ಗೆ ಪ್ರಮಾಣ ಮಾಡಿ ಮಾತಾಡ್ತಾರೆ. ಆ ಹೆಂಗಸು, ಆ ಗಂಡಸು ಮಾತ್ರ ಸಾಕ್ಷಿ ಹೇಳೋ ಹಾಗಿಲ್ಲ.

ಈ ಕಡತಗಳನ್ನು ಓದೋಕೆ ಜಾನ್ಸನ್ ಒಂದು ಉಪಾಯ ಮಾಡಿಕೊಂಡಿದ್ದಾರೆ. ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಅವುಗಳಲ್ಲಿ ಇರೋದೆಲ್ಲ ಸುಳ್ಳು ಅಂತಲೇ ಇಟ್ಟುಕೊಂಡು ಓದಿದೆ ಅಂತ ಅವರು ಮೊದಲೇ ಹೇಳಿಬಿಡ್ತಾರೆ. ಕೋರ್ಟಿಗೆ ಹೋದವನಿಗೆ ದುಡ್ಡು ಬೇಕಾಗಿರುತ್ತೆ, ಅವನು ಸುಳ್ಳು ಹೇಳ್ತಾನೆ. ಸರಿ. ಆದರೆ ಕೋರ್ಟು ನಂಬಬೇಕಾದರೆ ಆ ಸುಳ್ಳು ಆ ಊರಿನಲ್ಲಿ ಎಲ್ಲರಿಗೂ ಸಹಜ ಅನ್ನಿಸೋ ಹಾಗಿರಬೇಕು. "ಅವಳ ಬೆನ್ನು ನೋಡಿಯೇ ಕೊಂಡೆ" ಅನ್ನೋದು ಈ ಮನುಷ್ಯನ ವಿಷಯದಲ್ಲಿ ನಿಜವೋ ಸುಳ್ಳೋ ಬಿಡಿ, ಸಂತೆಯಲ್ಲಿ ಬೆನ್ನು ನೋಡೋದು ರೂಢಿ ಅನ್ನೋದಂತೂ ನಿಜ. ಒಬ್ಬೊಬ್ಬರ ಸುಳ್ಳನ್ನೂ ಸೋಸಿ ಇಡೀ ಸಮಾಜದ ರೂಢಿ ಹಿಡಿಯೋ ಈ ವಿದ್ಯೆಯನ್ನು ನಮ್ಮ ಆಫೀಸಿನಲ್ಲೂ ಕಲಿಸಬೇಕು.

ಒಂದು ಪ್ರಕರಣ ನೋಡಿ. 1835, ಐಕಾರ್ ವಿರುದ್ಧ ಸ್ವಾರೆಸ್. ಮಾರಾಟವಾದವಳ ಹೆಸರು ಕೇಟ್. ಇವಳಿಗೆ ಹುಚ್ಚು, ಮಾರಾಟ ರದ್ದು ಮಾಡಿ ಅಂತ ಕೊಂಡವನ ದಾವೆ. ಮಾರಿದವನ ಕಡೆಯವರ ವಾದ ಕೇಳಿ: ಹುಚ್ಚಲ್ಲ ಸ್ವಾಮಿ, ಅವಳು ಬರೀ ದಡ್ಡಿ. ಹುಚ್ಚಿಗೆ ಕಾನೂನಿನಲ್ಲಿ ಪರಿಹಾರ ಇದೆ, ದಡ್ಡತನಕ್ಕಿಲ್ಲ. ದಡ್ಡತನ ಕಣ್ಣಿಗೆ ಕಾಣೋ ದೋಷ, ಮಾತಾಡಿಸಿದರೆ ಗೊತ್ತಾಗುತ್ತಿತ್ತು. ಜಡ್ಜ್‌ಗಳು ಈ ವಾದದ ಜಾಣತನಕ್ಕೆ ಮರುಳಾಗಲಿಲ್ಲ. ಹುಚ್ಚೋ ದಡ್ಡತನವೋ ಅನ್ನೋ ಚರ್ಚೆಯೇ ಬೇಡ, ಮೊದಲೇ ಗೊತ್ತಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ ಅನ್ನುವಷ್ಟು ನಿರುಪಯೋಗಿಯಾದರೆ ಸಾಕು, ಇವಳು ನಿರುಪಯೋಗಕ್ಕಿಂತಲೂ ಕಡೆಯಾಗಿರಬಹುದು ಅಂತ ಹೇಳಿ ಕೊಂಡವನ ಪರ ತೀರ್ಪು ಕೊಟ್ಟರು.

ಕಾನೂನಿನ ವಿದ್ಯಾರ್ಥಿಯಾಗಿ ಓದಿದರೆ ಇದು ಒಳ್ಳೆ ತೀರ್ಪು. ತಾಂತ್ರಿಕ ನೆಪ ಹಿಡಿದು ನುಣುಚಿಕೊಳ್ಳಲು ನೋಡಿದ ವ್ಯಾಪಾರಿಗೆ ಕೋರ್ಟು ಅವಕಾಶ ಕೊಡಲಿಲ್ಲ. ಇಬ್ಬರು ಕಕ್ಷಿಗಾರರ ನಡುವೆ ನ್ಯಾಯವಾಯಿತು ಅನ್ನೋದರಲ್ಲಿ ಅನುಮಾನವಿಲ್ಲ. ಈ ಕಡತಗಳು ನನ್ನನ್ನು ಹೆದರಿಸಿದ್ದು ಇಲ್ಲೇ. ಗುಲಾಮಗಿರಿ ಅಂದಾಗ ನಮ್ಮ ಕಣ್ಣಿಗೆ ಬರೋದು ಚಾಟಿ, ಸರಪಳಿ. ಇಲ್ಲಿ ಚಾಟಿ ಕಾಣೋದೇ ಇಲ್ಲ. ತಾಳ್ಮೆಯ ಜಡ್ಜ್‌ಗಳು, ಪಾಟೀಸವಾಲು, ವೈದ್ಯಕೀಯ ಸಾಕ್ಷ್ಯ, ಕಾನೂನಿನ ಪ್ರಕಾರ ನಡೆದ ಕಲಾಪ ಎಲ್ಲ ಇದೆ. ಮನುಷ್ಯರನ್ನು ಮಾರಬಹುದಾ ಅನ್ನೋ ಪ್ರಶ್ನೆ ಮಾತ್ರ ಯಾವ ಕಡತದಲ್ಲೂ ವಿಚಾರಣೆಗೆ ಬರಲ್ಲ. ಅದು ಇತ್ಯರ್ಥವಾಗಿದೆ ಅಂದುಕೊಂಡೇ ಉಳಿದದ್ದೆಲ್ಲ ನ್ಯಾಯಬದ್ಧವಾಗಿ ನಡೆಯುತ್ತೆ.

'12 ಇಯರ್ಸ್ ಎ ಸ್ಲೇವ್' ಸಿನಿಮಾ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಅದರ ಮೂಲ ಸಾಲಮನ್ ನಾರ್ತಪ್ 1853ರಲ್ಲಿ ಪ್ರಕಟಿಸಿದ ಆತ್ಮಕಥೆ. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ನಾಗರಿಕ, ಪಿಟೀಲು ನುಡಿಸುತ್ತಿದ್ದವರು. 1841ರಲ್ಲಿ ವಾಷಿಂಗ್ಟನ್‌ನಲ್ಲಿ ಅವರನ್ನು ಅಪಹರಿಸಿ, ನ್ಯೂ ಆರ್ಲಿಯನ್ಸ್‌ಗೆ ಸಾಗಿಸಿ, ತಿಯೋಫಿಲಸ್ ಫ್ರೀಮನ್ ಅನ್ನೋ ವ್ಯಾಪಾರಿಯ ಕೈಯಿಂದ ಮಾರಿದರು. ಖರೀದಿದಾರರು ಬಾಯಿ ತೆರೆಸಿ ಹಲ್ಲು ನೋಡೋದು, ನಡೆಸಿ ನೋಡೋದು, ಬಟ್ಟೆ ಬಿಚ್ಚಿಸಿ ಬೆನ್ನ ಮೇಲೆ ಬಾಸುಂಡೆ ಹುಡುಕೋದು, ಇದನ್ನೆಲ್ಲ ನಾರ್ತಪ್ ಆ ಬದಿಯಿಂದ ನಿಂತು ಬರೆದಿದ್ದಾರೆ. ಬೆನ್ನ ಮೇಲೆ ಗಾಯದ ಗುರುತು ಇದ್ದರೆ ಹೊಡೆದವನು ಕ್ರೂರಿ ಅಂತ ಯಾರೂ ಓದುತ್ತಿರಲಿಲ್ಲ. ಹೊಡೆಸಿಕೊಂಡವನು ಬಗ್ಗದವನು ಅಂತ ಓದಿ ಬೆಲೆ ಇಳಿಸುತ್ತಿದ್ದರು. ಜಾನ್ಸನ್ ಕೋರ್ಟಿನ ಕಡತಗಳ ಪಕ್ಕದಲ್ಲಿ ಇಂಥ ಆತ್ಮಕಥೆಗಳನ್ನು ಇಟ್ಟು ಓದೋದರಿಂದಲೇ ಅವರ ಪುಸ್ತಕ ಬರೀ ಮಾಲೀಕರ ಚರಿತ್ರೆ ಆಗಿಲ್ಲ.

ನಾರ್ತಪ್ ಕಥೆಯ ಕೊನೆ ಈ ಬರಹಕ್ಕೆ ತೀರಾ ಹತ್ತಿರದ್ದು. 1853ರ ಜನವರಿಯಲ್ಲಿ ಅವರು ಬಿಡುಗಡೆಯಾದರು. ತಮ್ಮನ್ನು ಮೊದಲು ಕೂಡಿಹಾಕಿ ಮಾರಿದ ವಾಷಿಂಗ್ಟನ್ ವ್ಯಾಪಾರಿಯ ಮೇಲೆ ದೂರು ಕೊಟ್ಟರು. ಕೋರ್ಟಿನಲ್ಲಿ ಆ ವ್ಯಾಪಾರಿ ಮಾತಾಡಿದ, ಅವನ ಸ್ನೇಹಿತರು ಮಾತಾಡಿದರು. ನಾರ್ತಪ್ ಕರಿಯರು ಅನ್ನೋ ಕಾರಣಕ್ಕೆ ಅವರ ಸಾಕ್ಷ್ಯ ತಗೊಳ್ಳಲಿಲ್ಲ. ಬಿಳಿಯರ ವಿರುದ್ಧ ಕರಿಯರ ಸಾಕ್ಷ್ಯ ನಡೆಯಲ್ಲ ಅನ್ನೋದು ಅಲ್ಲಿನ ನಿಯಮ. ವ್ಯಾಪಾರಿ ಬಿಡುಗಡೆಯಾದ. 12 ವರ್ಷ ಕಳೆದುಕೊಂಡವರು ಅದೇ ಕೋಣೆಯಲ್ಲಿ, ಸ್ವತಂತ್ರ ಮನುಷ್ಯರಾಗಿ ಕೂತಿದ್ದರು.

ಈಗ ಎರಡನೇ ಪುಸ್ತಕ. ಏರಿಯೆಲಾ ಗ್ರಾಸ್ ಬರೆದ 'ಡಬಲ್ ಕ್ಯಾರಕ್ಟರ್', 2000ದ್ದು. ಜಾನ್ಸನ್ ಸಂತೆಯೊಳಗೆ ನಿಂತು ಕೋರ್ಟಿನ ಕಾಗದ ಓದಿದರೆ ಗ್ರಾಸ್ ಕೋರ್ಟಿನೊಳಗೇ ಕೂರ್ತಾರೆ, ಅದರಲ್ಲೂ ಮಿಸಿಸಿಪಿಯ ನ್ಯಾಚೆಜ್ ಪಟ್ಟಣದ ಕೋರ್ಟಿನಲ್ಲಿ. ಹೆಸರಿನಲ್ಲಿರೋ 'ಡಬಲ್' ಕಾನೂನು ಗುಲಾಮರಿಗೆ ಕೊಟ್ಟ ಎರಡು ರೂಪದ ಬಗ್ಗೆ, ಒಂದು ಕಡೆ ಆಸ್ತಿ, ಇನ್ನೊಂದು ಕಡೆ ವ್ಯಕ್ತಿ. ಇವೆರಡೂ ಡಿಕ್ಕಿ ಹೊಡೆಯೋದು ಇಂಥ ಸಿವಿಲ್ ದಾವೆಗಳಲ್ಲೇ ಅನ್ನೋದು ಅವರ ವಾದ.

ಡಿಕ್ಕಿ ಹೇಗೆ ಅಂದ್ರೆ, ಗುಲಾಮ ಓಡಿಹೋದ ಅಂತ ಕೊಂಡವನು ದೂರು ಕೊಟ್ಟರೆ ಮಾರಿದವನು "ನನ್ನ ಹತ್ತಿರ ಇದ್ದಾಗ ನೆಟ್ಟಗಿದ್ದ, ನೀನೇ ಹೊಡೆದು ಬಡಿದು ಓಡಿಸಿದ್ದೀಯ" ಅಂತಾನೆ. ಆಗ ಗುಲಾಮನ ಸ್ವಭಾವದ ವಿಚಾರಣೆ ಮಾಲೀಕನ ಸ್ವಭಾವದ ವಿಚಾರಣೆಯಾಗಿ ತಿರುಗುತ್ತೆ. ಊರಿನ ಮುಂದೆ ಗೌರವಸ್ಥ ಅನ್ನಿಸಿಕೊಂಡವನಿಗೆ ಇದು ಮರ್ಯಾದೆಯ ಪ್ರಶ್ನೆ. ಓಡಿಹೋದವನು ತಾನಾಗೇ ಯೋಚಿಸಿ ಓಡಿದ ಅಂದರೆ ಅವನಿಗೂ ಮನಸ್ಸಿದೆ ಅಂತ ಒಪ್ಪಿಕೊಂಡ ಹಾಗಾಗುತ್ತೆ. ಮಾಲೀಕನ ಹಿಂಸೆಗೆ ಓಡಿದ ಅಂದರೆ ಮಾಲೀಕ ಕೆಟ್ಟವನಾಗ್ತಾನೆ. ಈ ಇಕ್ಕಟ್ಟಿನಿಂದ ಪಾರಾಗೋಕೆ ಡಾಕ್ಟರುಗಳು ಬಂದರು, ಮನಸ್ಸಿನದಾಗಿರಬಹುದಾದದ್ದನ್ನು ದೇಹದ ಕಾಯಿಲೆ ಮಾಡಿದರು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ಡಾಕ್ಟರು ನ್ಯೂ ಆರ್ಲಿಯನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಓಡಿಹೋಗೋದಕ್ಕೆ 'ಡ್ರೇಪಿಟೊಮೇನಿಯ' ಅಂತ ಒಂದು ಮಾನಸಿಕ ರೋಗದ ಹೆಸರನ್ನೇ ಕೊಟ್ಟ. ಇದನ್ನು ಈಗ ಬಹಳ ಜನ ಹುಚ್ಚು ಡಾಕ್ಟರನ ತಮಾಷೆ ಅಂತ ಹಂಚಿಕೊಳ್ತಾರೆ. ಆದರೆ 26 ವರ್ಷ ಮುಂಚೆಯೇ ಅದನ್ನು ದೋಷ ಅಂತ ಕರೆದು, ದಿನಗಳ ಲೆಕ್ಕ ಹಾಕಿ ಅಚ್ಚು ಹಾಕಿಸಿದ್ದು ಸಿವಿಲ್ ಕೋಡ್.

ನಾರ್ತ್ ಕರೊಲಿನದಲ್ಲಿ 1829ರ ಇನ್ನೊಂದು ತೀರ್ಪು ಇದರ ಪಕ್ಕ ಇಟ್ಟು ನೋಡಬೇಕು. ಬಾಡಿಗೆಗೆ ತಂದ ಲಿಡಿಯಾ ಎಂಬಾಕೆ ಏಟು ತಪ್ಪಿಸಿಕೊಂಡು ಓಡಿದಾಗ ಜಾನ್ ಮ್ಯಾನ್ ಅನ್ನುವವನು ಗುಂಡು ಹಾರಿಸಿ ಗಾಯ ಮಾಡಿದ. ಜ್ಯೂರಿ ಅವನನ್ನು ತಪ್ಪಿತಸ್ಥ ಅಂದಿತು. ಜಡ್ಜ್ ಥಾಮಸ್ ರಫಿನ್ ಅದನ್ನು ತಳ್ಳಿಹಾಕಿ, ಗುಲಾಮರು ಪೂರ್ತಿ ಅಧೀನರಾಗಿ ಇರಬೇಕಾದರೆ ಯಜಮಾನನ ಅಧಿಕಾರಕ್ಕೆ ಮಿತಿ ಇರಕೂಡದು ಅನ್ನೋ ಅರ್ಥದಲ್ಲಿ ಬರೆದ. ಅಂದರೆ ಅಪರಾಧದ ಕಾನೂನಿನ ಮುಂದೆ ಲಿಡಿಯಾಳ ಇಚ್ಛೆಗೆ ಬೆಲೆ ಇಲ್ಲ. ಮಾರಾಟದ ಕಾನೂನಿನ ಮುಂದೆ ಮಾತ್ರ ಇಚ್ಛೆ ಅನ್ನೋದು ಇದೆ, ದೋಷವಾಗಿ ಇದೆ, ಅದಕ್ಕೆ ಡಾಲರಿನಲ್ಲಿ ಲೆಕ್ಕವೂ ಇದೆ. ಗುಲಾಮರೂ ತಮ್ಮ ಬದುಕನ್ನು ತಾವೇ ನಿರ್ಧರಿಸಬಲ್ಲ ಮನುಷ್ಯರು ಅಂತ ಬಿಳಿಯರು ಪ್ರಮಾಣ ಮಾಡಿ ಒಪ್ಪಿಕೊಂಡದ್ದು ದುಡ್ಡು ವಾಪಸ್ ಬೇಕಾದಾಗ.

ಇಲ್ಲಿಗೆ ನನ್ನ ತಕರಾರು. ಜಾನ್ಸನ್ ಪುಸ್ತಕದ ದೊಡ್ಡ ಹೆಗ್ಗಳಿಕೆ ಅಂತ ಎಲ್ಲರೂ ಹೇಳೋದು ಇದನ್ನ: ಮಾರಾಟ ಅನ್ನೋದು ಮಾರುವವನು, ಕೊಳ್ಳುವವನು ಇಬ್ಬರ ವ್ಯವಹಾರ ಅಲ್ಲ, ಮಾರಾಟವಾಗೋ ವ್ಯಕ್ತಿಯೂ ಅದರಲ್ಲಿ ಮೂರನೇ ಕಕ್ಷಿ. ಕೊಳ್ಳುವವನನ್ನು ಅವರೂ ಅಳೆಯುತ್ತಿದ್ದರು. ಕೆಟ್ಟವನು ಅನ್ನಿಸಿದರೆ ಕಾಯಿಲೆ ಇದ್ದ ಹಾಗೆ, ಮಂಕು ಕವಿದ ಹಾಗೆ ನಟಿಸುತ್ತಿದ್ದರು. ಪರವಾಗಿಲ್ಲ ಅನ್ನಿಸಿದರೆ ಚುರುಕಾಗಿ ಉತ್ತರ ಕೊಟ್ಟು ಗಮನ ಸೆಳೆಯುತ್ತಿದ್ದರು. ಇದಕ್ಕೆ ಆತ್ಮಕಥೆಗಳಲ್ಲಿ ಆಧಾರ ಇದೆ, ನಾನು ಒಪ್ತೀನಿ. ಆದರೆ ಓದ್ತಾ ಓದ್ತಾ ನನಗೆ ಒಂದು ಥರ ಸಮಾಧಾನ ಆಗೋಕೆ ಶುರುವಾಯಿತು. ಅಯ್ಯೋ ಪಾಪ ಅನ್ನೋ ಕಡೆಯಲ್ಲೆಲ್ಲ "ಅಬ್ಬಾ, ಎಷ್ಟು ಜಾಣರು" ಅಂತ ಅನ್ನಿಸತೊಡಗಿತು. ಈ ಸಮಾಧಾನ ಬೇಕಾಗಿರೋದು ನನಗೆ, ಓದುಗನಿಗೆ. ಸಂತೆಯಲ್ಲಿ ಎರಡು ಕೆಟ್ಟ ದಾರಿಗಳ ನಡುವೆ ಒಂದನ್ನು ಆರಿಸಿಕೊಂಡದ್ದನ್ನು ಸ್ವಾತಂತ್ರ್ಯದ ತುಣುಕು ಅಂತ ನಾನು ಹಿಡಿದುಕೊಳ್ಳೋದು ಎಷ್ಟು ಸರಿ? ಜಾನ್ಸನ್ ಮೇಲೆ ಇದನ್ನು ಪೂರ್ತಿ ಹೊರಿಸೋದು ಅನ್ಯಾಯ. ಅವರೇ 2003ರಲ್ಲಿ ಒಂದು ಪ್ರಬಂಧ ಬರೆದು, ಗುಲಾಮರ 'ಏಜೆನ್ಸಿ' ಹುಡುಕೋ ಇತಿಹಾಸಕಾರರ ಈ ಚಾಳಿಯನ್ನೇ ಟೀಕಿಸಿದರು. ಪುಸ್ತಕ ಓದಿದವರು ಆ ಪ್ರಬಂಧವನ್ನೂ ಓದಲೇಬೇಕು.

ನನ್ನ ತಕರಾರಿನ ಇನ್ನರ್ಧ ಕಡತದ ಮೇಲೇ ಇದೆ. ದಾವೆ ಗೆದ್ದರೆ ಏನಾಗುತ್ತೆ? ಕೊಂಡವನಿಗೆ ದುಡ್ಡು ವಾಪಸ್, ಮಾರಿದವನಿಗೆ ಮಾಲು ವಾಪಸ್. ಅಲ್ಲಿಗೆ ಕಡತ ಮುಗಿಯಿತು. ಕೋರ್ಟಿನಲ್ಲಿ ಹುಚ್ಚಿ, ದಡ್ಡಿ, ನಿರುಪಯೋಗಿ ಅಂತ ದಾಖಲಾದವಳು ತನ್ನನ್ನು ಒಮ್ಮೆ ಮಾರಿ ಕೈತೊಳೆದುಕೊಂಡವನ ಹತ್ತಿರಕ್ಕೇ ಹೋಗಬೇಕು. ಕೇಟ್ ಆಮೇಲೆ ಏನಾದಳು ಅಂತ ಆ ತೀರ್ಪು ಹೇಳಲ್ಲ. ಅದರ ಪಾಲಿಗೆ ಅದು ವಿಷಯವೇ ಅಲ್ಲ. ಜಾನ್ಸನ್ ಆಗಲಿ ಗ್ರಾಸ್ ಆಗಲಿ ಇಂಥ ಕಡೆಗಳಲ್ಲಿ ಸ್ವಲ್ಪ ಹೊತ್ತು ನಿಂತು, ಇಲ್ಲಿ ಏನೂ ಇಲ್ಲ ಅಂತ ಓದುಗನಿಗೆ ತೋರಿಸಬಹುದಿತ್ತು. ಇಬ್ಬರೂ ವಾದ ಕಟ್ಟೋ ಅವಸರದಲ್ಲಿ ಮುಂದಿನ ಪ್ರಕರಣಕ್ಕೆ ಹೋಗಿಬಿಡ್ತಾರೆ.

ಇದನ್ನು ಕನ್ನಡದಲ್ಲಿ ಬರೆಯೋವಾಗ ನನಗೆ ಪದಗಳೂ ಕಾಟ ಕೊಟ್ಟವು. ಇಂಗ್ಲಿಷಿನ ಇತಿಹಾಸಕಾರರು ಈಗ 'ಸ್ಲೇವ್' ಅನ್ನೋ ಬದಲು 'ಎನ್‌ಸ್ಲೇವ್ಡ್ ಪರ್ಸನ್' ಅಂತಾರೆ. ಗುಲಾಮ ಅನ್ನೋದು ಒಬ್ಬನ ಗುಣ ಅಲ್ಲ, ಇನ್ನೊಬ್ಬ ಅವನಿಗೆ ಮಾಡಿದ ಕೆಲಸ ಅಂತ ನೆನಪಿಸೋಕೆ. ಕನ್ನಡದಲ್ಲಿ 'ಗುಲಾಮಗಿರಿಗೆ ತಳ್ಳಲ್ಪಟ್ಟವರು' ಅಂತ ಪ್ರತಿ ಸಾಲಲ್ಲೂ ಬರೆದರೆ ನೀವು ಎರಡನೇ ಪ್ಯಾರಾದಲ್ಲೇ ಎದ್ದು ಹೋಗ್ತಿದ್ದಿರಿ. ಹಾಗಾಗಿ ಗುಲಾಮ ಅಂತಲೇ ಬರೆದೆ, ಅಳುಕಿನಿಂದಲೇ. ಆದರೆ 'ದೋಷ' ಅನ್ನೋ ಪದ ಮಾತ್ರ ಸಲೀಸಾಗಿ ಬಂತು. ಜಾತಕ ನೋಡಿ ಕುಜದೋಷ ಇದೆ ಅಂತ ಹುಡುಗಿಯನ್ನು ಬೇಡ ಅಂದದ್ದನ್ನು ಕೇಳಿ ಬೆಳೆದವರು ನಾವು. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗ್ತಿಲ್ಲ, ಅದು ದೊಡ್ಡ ತಪ್ಪಾಗುತ್ತೆ. ಒಬ್ಬ ಮನುಷ್ಯಳನ್ನು ಬೇರೆಯವರು ಕೂತು ಅಳೆಯುವಾಗ ಆ ಪದ ನಮ್ಮ ಬಾಯಿಗೆ ಎಷ್ಟು ಸುಲಭವಾಗಿ ಬರುತ್ತೆ ಅಂತ ಮಾತ್ರ ಹೇಳ್ತಿದ್ದೀನಿ.

ಪುಸ್ತಕ ಓದಬೇಕಾ? ಖಂಡಿತ ಓದಿ. ಇಡೀ ಪುಸ್ತಕಕ್ಕೆ ಸಮಯ ಇಲ್ಲದವರು ಸರಕಾಗಿಸೋ ಅಧ್ಯಾಯ, ಅದರ ಮುಂದಿನ ಮೈ ನೋಡಿ ಅಳೆಯೋ ಅಧ್ಯಾಯ, ಇವೆರಡನ್ನು ಓದಿ. ನಂತರ ನಾರ್ತಪ್ ಆತ್ಮಕಥೆ, ಸಿನಿಮಾ ನೋಡಿದ್ದರೂ ಸರಿ. ಗ್ರಾಸ್ ಪುಸ್ತಕ ಸ್ವಲ್ಪ ಒಣ, ಕಾನೂನಿನ ರುಚಿ ಇದ್ದವರಿಗೆ.

ನನಗಂತೂ ಈಗ ಒಂದು ಅಭ್ಯಾಸ ಅಂಟಿಕೊಂಡಿದೆ. ಆಫೀಸಲ್ಲಿ ದಿನಗಳ ಲೆಕ್ಕ ಇರೋ ಷರತ್ತು ಬಂದಾಗಲೆಲ್ಲ ಆ ಕೋಡಿನ 'ಒಂದು ತಿಂಗಳಿಗಿಂತ ಹೆಚ್ಚು' ನೆನಪಾಗುತ್ತೆ. ಓಡಿಹೋದವರು ಬಹಳ ಸಲ ಹೋಗ್ತಿದ್ದದ್ದು ಬೇರೆ ತೋಟಕ್ಕೆ ಮಾರಿಹೋದ ಗಂಡನನ್ನೋ ಮಕ್ಕಳನ್ನೋ ತಾಯಿಯನ್ನೋ ನೋಡೋಕೆ. ಒಬ್ಬ ಹೆಂಗಸು ಮೂವತ್ತೈದು ದಿನ ಕಾಣೆಯಾಗಿದ್ದಳು ಅಂತಿಟ್ಟುಕೊಳ್ಳಿ. ಕಾನೂನಿಗೆ ಮೂವತ್ತೈದು ಅನ್ನೋ ಅಂಕಿ ಸಾಕು. ಎಲ್ಲಿದ್ದಳು, ಏನು ತಿಂದಳು, ಯಾರ ಮನೆಯ ಹಿತ್ತಲಲ್ಲಿ ಮಲಗಿದ್ದಳು, ಹುಡುಕಿಕೊಂಡು ಹೋದವರು ಸಿಕ್ಕಿದರಾ ಅಂತ ಕೇಳೋದು ಯಾವ ವಕೀಲನ ಕೆಲಸವೂ ಆಗಿರಲಿಲ್ಲ. ಆ ಕಡತ ನನ್ನ ಮೇಜಿಗೆ ಬಂದಿದ್ದರೆ ನಾನು ಮಾಡ್ತಿದ್ದದ್ದೂ ಇಷ್ಟೇ, ಮೂವತ್ತೈದಕ್ಕೆ ಹಳದಿ ಗುರುತು ಹಾಕಿ ಮುಂದಿನ ಪುಟ ತಿರುಗಿಸ್ತಿದ್ದೆ.